ಅಜ್ಜಿಯ ಅಂಗೈಯ ತಂಪು

ಸಂತ ಫಿಲೋಮಿನಾ ಹಬ್ಬದ ದಿನ ಮೈಸೂರಿನ ನಮ್ಮ ಪ್ರಧಾನಾಲಯಕ್ಕೆ, ಅವಳ ಹೆಸರಿನ ದೊಡ್ಡ ಚರ್ಚಿಗೆ, ಹೋಗಿದ್ದೆ. ಆಗಸ್ಟ್ 11. ತಂಗಿ ಕಾಯಿಲೆಯಿಂದ ಎದ್ದು ಕೂತಿದ್ದಾಳೆ. ಹರಕೆ ತೀರಿಸಬೇಕಿತ್ತು.

ಬಲಿಪೂಜೆ, ಅಂದರೆ ಮಾಸ್, ಮುಗಿದ ಮೇಲೆ ನೆಲಮಾಳಿಗೆಗೆ ಇಳಿದೆ. ನಾಲ್ಕು ಮೆಟ್ಟಿಲು ಇಳಿಯುವಷ್ಟರಲ್ಲಿ ಆ ತಂಪು ಮೈಗೆ ತಾಗಿತು. ಅಲ್ಲಿಗೆ ಬಂದಾಗಲೆಲ್ಲ ನಮ್ಮಜ್ಜಿ ಗೋಡೆಗೆ ಅಂಗೈ ಒತ್ತಿ ನಿಲ್ಲುತ್ತಿದ್ದಳು. ಎಷ್ಟೋ ಹೊತ್ತು. ಆಮೇಲೆ ಅದೇ ಕೈಯನ್ನು ನನ್ನ ಹಣೆಗೆ ಇಡುತ್ತಿದ್ದಳು. "ತಗೋ ಮಗಾ, ಅಮ್ಮನ ತಂಪು" ಅನ್ನುತ್ತಿದ್ದಳು. ಅವಳ ಬಿರುಕು ಬಿಟ್ಟ ಅಂಗೈ, ಮೇಣದ ವಾಸನೆ, ಆ ತಂಪು. ನನ್ನ ಪಾಲಿಗೆ ಭಕ್ತಿ ಅಂದರೆ ಇವತ್ತಿಗೂ ಅದೇ.

ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1843ರಲ್ಲಿ, ಇದೇ ಜಾಗದಲ್ಲಿ ಚಿಕ್ಕದೊಂದು ಚರ್ಚು ಎದ್ದಿತ್ತು. ಆಮೇಲೆ ಅರಮನೆಯ ಕಾರ್ಯದರ್ಶಿ ತಂಬುಚೆಟ್ಟಿಯವರು ಸಂತಳ ಪವಿತ್ರ ಅವಶೇಷವನ್ನು ಮೈಸೂರಿಗೆ ತರಿಸಿದರು. ಅದು 1926. ಅಂಥದ್ದು ಬಂದ ಮೇಲೆ ಇಡುವುದಕ್ಕೆ ತಕ್ಕ ಮನೆ ಬೇಡವೇ? 1933ರ ಅಕ್ಟೋಬರ್ 28ರಂದು ನಾಲ್ವಡಿ ಕೃಷ್ಣರಾಜ ಒಡೆಯರೇ ಅಡಿಗಲ್ಲು ಇಟ್ಟರು. ಈ ಗುಡಿಗೆ ಎರಡು ಅಡಿಪಾಯ, ದೇವರ ಕರುಣೆ ಒಂದು, ಜನರ ಕೃತಜ್ಞತೆ ಇನ್ನೊಂದು ಎಂದು ಅವರು ಅಂದು ಹೇಳಿದ್ದರು. ಅಪ್ಪನ ಹೆಗಲ ಮೇಲೆ ಕೂತು ಅಜ್ಜಿ ಅದನ್ನೆಲ್ಲ ನೋಡಿದ್ದಳು. ಆಗ ಅವಳಿಗೆ ಎಂಟು ವರ್ಷ. "ಯಾರ ದೇವರಿಗೆ ಯಾರು ಕಲ್ಲಿಟ್ಟರು ಅಂತ ಒಬ್ಬರೂ ಕೇಳಲಿಲ್ಲ ಕಣೋ" ಅನ್ನುತ್ತಿದ್ದಳು. ಆ ಮಾತು ಹೇಳುವಾಗ ಪ್ರತಿ ಸಲ ಅವಳ ದನಿ ಕಟ್ಟುತ್ತಿತ್ತು.

ಬಂದವರೆಲ್ಲ ಮೇಲೆ ನೋಡುತ್ತಾರೆ. 175 ಅಡಿಯ ಜೋಡಿ ಗೋಪುರ, ಜರ್ಮನಿಯ ಕಲೋನ್ ಪ್ರಧಾನಾಲಯದ ಮಾದರಿ. ಚೆಂದವೇ, ಅಲ್ವಾ? ಆದರೆ ಕೆಳಗೆ ನೆಲಮಾಳಿಗೆಯಲ್ಲಿ ಪ್ರತಿಮೆಯಾಗಿ ಮಲಗಿರುವ ಆ ಪುಟ್ಟ ಹುಡುಗಿ ಫಿಲೋಮಿನಾಳ ಮುಂದೆ ಒಂದು ನಿಮಿಷ ನಿಲ್ಲುವವರು ಕಡಿಮೆಯಾಗಿದ್ದಾರೆ. ಮೊಬೈಲ್ ಹಿಡಿದುಕೊಂಡು ಒಂದು ಕಡೆ ಇಳಿದು ಇನ್ನೊಂದು ಕಡೆ ಹತ್ತಿಬಿಡುತ್ತಾರೆ. ನಮ್ಮವರೇ ಹಾಗೆ ಮಾಡಿದಾಗ ಹೊಟ್ಟೆ ಉರಿಯುತ್ತದೆ. ಮಕ್ಕಳನ್ನು ಕರೆದುಕೊಂಡು ಬನ್ನಿ. ಒಂದು ಪರಲೋಕ ಮಂತ್ರ, ಒಂದು ನಮೋ ಮರಿಯ. ಎಷ್ಟು ಹೊತ್ತು ಹಿಡಿದೀತು?

1961ರಲ್ಲಿ ರೋಮಿನವರು, ಅಂದರೆ ಪೋಪರ ಆಡಳಿತದವರು, ಚರ್ಚಿನ ಹಬ್ಬಗಳ ಪಟ್ಟಿಯಿಂದ ಫಿಲೋಮಿನಾ ಹೆಸರು ತೆಗೆದರು. ಸುದ್ದಿ ಕೇಳಿ ಅಜ್ಜಿ ರಾತ್ರಿಯೆಲ್ಲ ಅತ್ತಳಂತೆ. ಬೆಳಗಾಗುತ್ತಲೇ ಒಬ್ಬಳೇ ಬಂದು ಕೆಳಗಿಳಿದು ಗೋಡೆಗೆ ಕೈ ಒತ್ತಿದಳಂತೆ. ತಂಪು ಹಾಗೇ ಇತ್ತು. ಮನೆಗೆ ಬಂದು ಸುಮ್ನೆ ಒಲೆ ಹೊತ್ತಿಸಿದಳಂತೆ.

ಈ ಸಲ ನಾನೂ ಹಾಗೇ ನಿಂತೆ. ಅಂಗೈ ಜುಮ್ಮೆನ್ನುವವರೆಗೆ. ಪಕ್ಕದಲ್ಲಿ ತಂಗಿ ಕಣ್ಣು ಮುಚ್ಚಿಕೊಂಡು ಜಪಸರ ಹಿಡಿದಿದ್ದಳು. ಆ ಕೈಯನ್ನು ಅವಳ ಹಣೆಗೆ ಇಟ್ಟೆ.