ಅಳು ನಿಲ್ಲಿಸುವ ಆತುರ ಬೇಡ

ಮಗು ಅತ್ತರೆ ನಮ್ಮ ಬಾಯಿಗೆ ಮೊದಲು ಬರುವ ಮಾತು "ಅಳಬೇಡ, ಏನೂ ಆಗಿಲ್ಲ". ಪ್ರೀತಿಯಿಂದಲೇ ಹೇಳುತ್ತೇವೆ, ನಿಜ. ಆದರೆ ಮಗುವಿಗೆ ಏನೋ ಆಗಿರುತ್ತದೆ ಅಲ್ವಾ? "ಆಟ ನಿಂತಿದ್ದಕ್ಕೆ ಬೇಜಾರಾಯ್ತಾ?" ಅಂತ ಕೇಳಿ ಪಕ್ಕದಲ್ಲಿ ಸುಮ್ನೆ ಕೂತರೆ ಎಷ್ಟೋ ಸಲ ಅಳು ತಾನಾಗಿಯೇ ಇಳಿಯುತ್ತದೆ. ಕೋಪ, ಆಸೆಗಳನ್ನು ಹಿಡಿತದಲ್ಲಿಡುವ ಮೆದುಳಿನ ಮುಂಭಾಗ ಪೂರ್ತಿ ಬೆಳೆಯಲು ಸುಮಾರು 25 ವರ್ಷ ಬೇಕು. ಪುಟ್ಟ ಮಗು ಹಟ ಮಾಡುವುದು ನಮ್ಮನ್ನು ಸತಾಯಿಸಲು ಅಲ್ಲ. ಅದಕ್ಕೆ ಇನ್ನೂ ನಮ್ಮ ಸಮಾಧಾನದ ಆಸರೆ ಬೇಕು. ಹಾಗಂತ ಕೇಳಿದ್ದೆಲ್ಲ ಕೊಡಬೇಕಿಲ್ಲ. ಕೋಪ ಬರಬಹುದು, ಹೊಡೆಯುವಂತಿಲ್ಲ. ಇಷ್ಟು ಗೆರೆ ಇರಲಿ.

ನನಗೆ ಅಪ್ಪ ಅಮ್ಮಂದಿರ ಬಗ್ಗೆಯೇ ಜಾಸ್ತಿ ಚಿಂತೆ. ಒಂದು ಸಲ ಕೂಗಾಡಿದ್ದಕ್ಕೆ ರಾತ್ರಿಯೆಲ್ಲ ಕೊರಗುವವರು ಎಷ್ಟು ಜನ! ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟ್ರಾನಿಕ್ 1970ರ ದಶಕದಲ್ಲಿ ಒಂದು ಪ್ರಯೋಗ ಮಾಡಿದರು. ತಾಯಂದಿರು ಸ್ವಲ್ಪ ಹೊತ್ತು ಮುಖದಲ್ಲಿ ಯಾವ ಭಾವವನ್ನೂ ತೋರಿಸದೆ ಕೂರಬೇಕಿತ್ತು. ಕೂಸುಗಳು ನಗಿಸಲು ನೋಡಿದವು, ಆಮೇಲೆ ಕಂಗಾಲಾಗಿ ಮುಖ ತಿರುಗಿಸಿದವು. ಮುಂದೆ ಅವರು ಕಂಡುಕೊಂಡಿದ್ದು ಇನ್ನೂ ಮುಖ್ಯ. ಚೆನ್ನಾಗಿರುವ ತಾಯಿ-ಮಗುವಿನ ನಡುವೆಯೂ ತಾಳ ತಪ್ಪುವುದು ತೀರಾ ಸಹಜ. ಮತ್ತೆ ಹತ್ತಿರ ಬರುತ್ತಾರಾ ಅನ್ನುವುದೇ ದೊಡ್ಡದು.

ಹಾಗಾಗಿ ಕೂಗಾಡಿದ ಮೇಲೆ "ಜೋರಾಗಿ ಮಾತಾಡಿದೆ, ಸಾರಿ ಕಂದಾ" ಅನ್ನಿ. "ಆದರೆ ನೀನು..." ಅಂತ ಮುಂದುವರಿಸಬೇಡಿ. ಮಗುವಿನದಾಗಲಿ, ನಿಮ್ಮದಾಗಲಿ, ನಿದ್ದೆ, ಊಟ, ಉತ್ಸಾಹ ವಾರಗಟ್ಟಲೆ ಕೆಟ್ಟಿದ್ದರೆ ಆಪ್ತಸಮಾಲೋಚಕರನ್ನೋ ವೈದ್ಯರನ್ನೋ ಕಾಣಲು ಹಿಂಜರಿಯಬೇಡಿ.