ಹಗಲಲ್ಲಿ ಓದಿ

ಆ ಭಾನುವಾರ ಬೆಳಿಗ್ಗೆ ಅವಳು ತನ್ನ ಫೋನಿನ ಲಾಕ್ ತೆರೆದು ನನ್ನ ಮುಂದೆ ಟೇಬಲ್ ಮೇಲಿಟ್ಟು, "ಓದಿ" ಅಂದಳು. ಅರ್ಥವಾಗದವನಂತೆ ತಲೆ ಎತ್ತಿದೆ.

"ಹಗಲಲ್ಲಿ ಓದಿ. ನನ್ನ ಎದುರಿಗೇ ಓದಿ."

ಒಂಬತ್ತು ದಿನಗಳಿಂದ ನಾನು ಹೊಟ್ಟೆಯಲ್ಲಿಟ್ಟುಕೊಂಡಿದ್ದ ಗುಟ್ಟು ಅವಳಿಗೆ ಮೊದಲ ದಿನವೇ ಗೊತ್ತಾಗಿತ್ತು ಎಂಬುದು ಆಗ ತಿಳಿಯಿತು.

ನಮ್ಮ ಮದುವೆ ಮೊದಲ ಭೇಟಿಯಿಂದ 38ನೇ ದಿನಕ್ಕೆ ಆಯಿತು. ನನಗೆ ವರ್ಗವಾಗುವುದಿತ್ತು, ಅಷ್ಟರೊಳಗೆ ಮುಗಿಸಿಬಿಡೋಣ ಎಂದರು ಮನೆಯವರು. ಆದರೆ ತಪ್ಪನ್ನು ಅವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಅವರಿಗಿಂತ ನಮಗೇ ಅವಸರ ಹೆಚ್ಚಿತ್ತು. ನಾಲ್ಕು ಸಲ ಭೇಟಿಯಾಗಿದ್ದೆವು, ದಿನಾ ರಾತ್ರಿ ಫೋನಿನಲ್ಲಿ ಮಾತಾಡುತ್ತಿದ್ದೆವು, ಇಷ್ಟು ಮಾತು ಹೊಂದುವವರು ಇನ್ನೇನು ತಿಳಿದುಕೊಳ್ಳಬೇಕು ಅನ್ನಿಸಿತ್ತು. ಓದು, ಕೆಲಸ, ಸಾಲ, ಮಕ್ಕಳು ಬೇಕೋ ಬೇಡವೋ, ಎಲ್ಲ ಮಾತಾಡಿದೆವು. ಸಿಟ್ಟು ಬಂದರೆ ಏನು ಮಾಡುತ್ತೀ ಎಂದು ಮಾತ್ರ ಇಬ್ಬರೂ ಕೇಳಲಿಲ್ಲ. ಆ 38 ದಿನಗಳಲ್ಲಿ ಒಮ್ಮೆಯೂ ಸಿಟ್ಟು ಬಂದಿರಲಿಲ್ಲ, ಹಾಗಾಗಿ ಅದು ಕೇಳಬೇಕಾದ ಪ್ರಶ್ನೆ ಎಂದೇ ಹೊಳೆಯಲಿಲ್ಲ.

ಅವಳ ಮನೆಯಲ್ಲಿ ಸಿಟ್ಟು ಬಂದರೆ ಕೂಗಾಡುತ್ತಾರೆ, ಸಂಜೆಯ ಹೊತ್ತಿಗೆ ಮುಗಿದಿರುತ್ತದೆ. ನಮ್ಮ ಮನೆಯಲ್ಲಿ ಮಾತು ನಿಲ್ಲುತ್ತದೆ. ಅಪ್ಪ, ಅಮ್ಮ ವಾರಗಟ್ಟಲೆ ಮಾತು ಬಿಡುತ್ತಿದ್ದರು. "ನಿಮ್ಮಪ್ಪನಿಗೆ ಹೇಳು, ಊಟಕ್ಕೆ ಬರಲಿ." "ನಿಮ್ಮಮ್ಮನಿಗೆ ಹೇಳು, ಹಸಿವಿಲ್ಲ." ಒಂದೇ ಕೋಣೆಯಲ್ಲಿ ಕೂತ ಇಬ್ಬರ ನಡುವೆ ಎಂಟು ವರ್ಷದ ನಾನು ಸುದ್ದಿ ಸಾಗಿಸುತ್ತಿದ್ದೆ. ಮೌನ ಎಷ್ಟು ಹೆದರಿಸುತ್ತದೆ ಎಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಅಂಥ ನಾನೇ ಅದನ್ನು ಅವಳ ಮೇಲೆ ಹೇರಿದೆ.

ಮದುವೆಯಾಗಿ ನಾಲ್ಕನೇ ತಿಂಗಳು. ಅವಳ ಹಳೆಯ ಆಫೀಸಿನಲ್ಲಿ ಆರು ವರ್ಷ ಜೊತೆಗೆ ಕೆಲಸ ಮಾಡಿದ ಗೆಳೆಯನೊಬ್ಬನಿದ್ದ. ಮುಚ್ಚುಮರೆ ಏನಿರಲಿಲ್ಲ, ನಮ್ಮ ಮದುವೆಗೂ ಬಂದಿದ್ದ. ಒಂದು ಸಂಜೆ ಅವನ ಜೊತೆ ಫೋನಿನಲ್ಲಿ ಮಾತಾಡುತ್ತಾ ಅವಳು ಜೋರಾಗಿ ನಕ್ಕಳು. ಅಷ್ಟೇ. ಅಂಥ ನಗು ನನ್ನ ಜೊತೆಗಿದ್ದಾಗ ಅವಳಿಗೆ ಬಂದಿರಲಿಲ್ಲ. ಫೋನ್ ಇಟ್ಟು ಬಂದವಳು ನನ್ನ ಮುಖ ನೋಡಿ "ಏನಾಯ್ತು?" ಅಂದಳು. "ಏನಿಲ್ಲ" ಅಂದೆ.

ಆ ಒಂದು "ಏನಿಲ್ಲ" ಮುಂದೆ ಎರಡು ತಿಂಗಳು ನಡೆಯಿತು. ಅವಳು ಕೇಳುತ್ತಿದ್ದಳು, ನಾನು ಅದನ್ನೇ ಹೇಳುತ್ತಿದ್ದೆ. ರಾತ್ರಿ ಅವಳು ಪಕ್ಕದ ಕೋಣೆಯಲ್ಲಿದ್ದರೆ ನನ್ನ ಫೋನಿನಲ್ಲಿ ಅವಳ ಹೆಸರಿನ ಕೆಳಗೆ "ಆನ್‌ಲೈನ್" ಎಂದು ಕಾಣುತ್ತದೆಯೇ ಎಂದು ನೋಡುತ್ತಾ ಕೂರುತ್ತಿದ್ದೆ. ಗೋಡೆಯ ಆಚೆಗಿದ್ದ ಹೆಂಡತಿಯನ್ನು ಎದ್ದು ಹೋಗಿ ನೋಡುವ ಬದಲು ಗಾಜಿನ ಮೇಲಿನ ಒಂದು ಪದದಲ್ಲಿ ಕಾಯುತ್ತಿದ್ದೆ.

ಕನ್ನಡದಲ್ಲಿ ಇದಕ್ಕೆ ಇರುವ ಹೆಸರುಗಳ ಬಗ್ಗೆ ಆಮೇಲೆ ತುಂಬಾ ಯೋಚಿಸಿದ್ದೇನೆ. ಹೊಟ್ಟೆಕಿಚ್ಚು ಅನ್ನುವುದು ಬೇರೆ, ಅದು ಇನ್ನೊಬ್ಬರ ಹತ್ತಿರ ಇರುವುದು ನಮ್ಮಲ್ಲಿಲ್ಲ ಎಂಬ ಉರಿ. ನನ್ನದು ಇರುವುದನ್ನು ಕಳೆದುಕೊಳ್ಳುವ ಭಯ. ಹೆಣ್ಣಿಗೆ ಆ ಭಯವಾದರೆ ಸವತಿ ಮತ್ಸರ ಎನ್ನುತ್ತೇವೆ, ಅದು ಅವಳ ಒಳಗಿನ ಭಾವವೆಂದು ಒಪ್ಪುತ್ತೇವೆ. ಗಂಡಸಿಗಾದರೆ ನಮ್ಮ ಬಾಯಿಗೆ ಬರುವುದು ಸಂಶಯ. ಸಂಶಯ ಎಂದ ಕೂಡಲೇ ಅವನ ಭಾವ ಮರೆಯಾಗಿ ಅವಳ ನಡತೆಯೇ ವಿಚಾರಣೆಗೆ ನಿಲ್ಲುತ್ತದೆ. "ನನಗೆ ಹೆದರಿಕೆಯಾಗ್ತಿದೆ" ಎಂಬ ಎರಡು ಪದ ನನ್ನ ಬಾಯಿಂದ ಹೊರಡದಿರಲು ಇದೂ ಒಂದು ಕಾರಣ ಅನ್ನಿಸುತ್ತದೆ. ನೆಪ ಹೇಳುತ್ತಿಲ್ಲ. ಹೆದರಿದ್ದೇನೆ ಎಂದು ನನಗೇ ಗೊತ್ತಿರಲಿಲ್ಲ, ಪತ್ತೆ ಹಚ್ಚುತ್ತಿದ್ದೇನೆ ಅಂದುಕೊಂಡಿದ್ದೆ.

ಒಂದು ರಾತ್ರಿ ಎರಡು ಗಂಟೆಯ ಮೇಲೆ ಎದ್ದು ಅವಳ ಫೋನ್ ತೆಗೆದುಕೊಂಡೆ. ಅವಳು ಬೆರಳಾಡಿಸುವ ಗೆರೆಗಳನ್ನು ಎಷ್ಟೋ ಸಲ ನೋಡಿದ್ದೆ, ಲಾಕ್ ತೆರೆಯಿತು. ವಾಟ್ಸಾಪಿನಲ್ಲಿ ಅವನ ಹೆಸರು ಮೇಲೆಯೇ ಇತ್ತು. ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ನಿಂತು ಓದಿದೆ.

ಅಲ್ಲಿ ಇದ್ದವನು ನಾನು. "ಇವರು ಮಾತೇ ಆಡ್ತಿಲ್ಲ ಕಣೋ. ನನ್ನಿಂದ ಏನು ತಪ್ಪಾಗಿದೆ ಅಂತ ಗೊತ್ತಾಗ್ತಿಲ್ಲ." "ಅವರನ್ನೇ ಕೇಳು." "ಕೇಳಿದೆ. ಏನಿಲ್ಲ ಅಂತಾರೆ. ಅವಸರ ಮಾಡಿಬಿಟ್ವೇನೋ ಅನ್ನಿಸ್ತಿದೆ." ಎರಡು ತಿಂಗಳ ಮಾತು ಬಹುಪಾಲು ಹೀಗೇ ಇತ್ತು. ಅವಳು ಅವನ ಜೊತೆ ಮಾತಾಡುತ್ತಾಳೆಂದು ನಾನು ಮಾತು ಬಿಟ್ಟಿದ್ದೆ, ನಾನು ಮಾತು ಬಿಟ್ಟೆನೆಂದು ಅವಳು ಅವನ ಜೊತೆ ಮಾತಾಡುತ್ತಿದ್ದಳು. ಕೊನೆಯಲ್ಲಿ ಅವನದೊಂದು ಹೊಸ ಮೆಸೇಜ್: "ನಾಳೆ ಇನ್ನೊಂದು ಸಲ ಕೇಳು. ಒಳ್ಳೆಯವರ ಥರ ಕಾಣ್ತಾರೆ."

ಓದಿದ ಮೇಲೆ ಅವಳನ್ನು ಎಬ್ಬಿಸಿ ಹೇಳಬೇಕಿತ್ತು. ಹೇಳಬೇಕಾದರೆ ಕದ್ದು ಓದಿದ್ದನ್ನೂ ಹೇಳಬೇಕಿತ್ತು. ಫೋನನ್ನು ಇದ್ದ ಜಾಗದಲ್ಲೇ ಇಟ್ಟು ಮಲಗಿದೆ. ಮರುದಿನದಿಂದ ತುಂಬಾ ಒಳ್ಳೆಯವನಾದೆ. ಕೆಲಸದಲ್ಲಿ ಕೈ ಜೋಡಿಸಿದೆ, ದಿನ ಹೇಗಿತ್ತು ಎಂದು ಕೇಳಿದೆ. ಅವಳು ಒಂದೊಂದೇ ಪದದಲ್ಲಿ ಉತ್ತರ ಕೊಡುತ್ತಿದ್ದಳು. ಇಷ್ಟು ದಿನದ ಬೇಸರ ಕರಗಲು ಸಮಯ ಬೇಕಲ್ಲ ಎಂದು ಸಮಾಧಾನ ಹೇಳಿಕೊಂಡೆ.

ನಡೆದದ್ದೇ ಬೇರೆ. ಅವನ ಆ ಕೊನೆಯ ಮೆಸೇಜನ್ನು ಅವಳು ಅಲ್ಲಿಯವರೆಗೆ ತೆರೆದೇ ಇರಲಿಲ್ಲ, ನಾನು ತೆರೆದಿದ್ದೆ. ಅತ್ತ ಅವನ ಫೋನಿನಲ್ಲಿ ನೀಲಿ ಟಿಕ್ ಬಿದ್ದಿತ್ತು. ಕಳಿಸಿದವರು ಬೇಕೆಂದರೆ ಎಷ್ಟು ಗಂಟೆಗೆ ಓದಿದರು ಎಂಬುದನ್ನೂ ನೋಡಬಹುದು. ಬೆಳಿಗ್ಗೆ ಅವನು ಕಾಳಜಿಯಿಂದ ಕೇಳಿದ್ದ: "ಎರಡು ಗಂಟೆ ರಾತ್ರೀಲಿ ಎದ್ದಿದ್ಯಲ್ಲ, ನಿದ್ದೆ ಬರ್ತಿಲ್ವಾ?" ಆ ಹೊತ್ತಿನಲ್ಲಿ ತಾನು ಗಾಢ ನಿದ್ದೆಯಲ್ಲಿದ್ದೆನೆಂದು ಅವಳಿಗೆ ಗೊತ್ತಿತ್ತು.

"ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ ಒಂಬತ್ತು ದಿನ ಕಾದೆ" ಅಂದಳು ಆ ಭಾನುವಾರ. ಧ್ವನಿ ಏರಿರಲಿಲ್ಲ. ಕೂಗಾಡುವ ಮನೆಯಲ್ಲಿ ಬೆಳೆದವಳು ನನ್ನ ಮನೆಯ ಭಾಷೆ ಕಲಿತುಬಿಟ್ಟಿದ್ದಳು. ಆರು ತಿಂಗಳಲ್ಲಿ ನಾನು ಅವಳಿಗೆ ಕಲಿಸಿದ್ದು ಅದೊಂದನ್ನೇ ಎಂದು ತಿಳಿದಾಗ ಆದ ಸಂಕಟಕ್ಕೆ ಹೋಲಿಸಿದರೆ ಸಿಕ್ಕಿಬಿದ್ದ ನಾಚಿಕೆ ಏನೂ ಅಲ್ಲ.

ಫೋನನ್ನು ಅವಳ ಕಡೆಗೆ ಸರಿಸಿದೆ. ಅವಳು ಮತ್ತೆ ನನ್ನ ಕಡೆಗೆ ಸರಿಸಿದಳು. "ಗಟ್ಟಿಯಾಗಿ ಓದಿ. ನನಗೂ ಕೇಳಲಿ." ಓದಿದೆ. ನನ್ನ ಬಗ್ಗೆ ಅವಳು ಬರೆದದ್ದನ್ನು ನನ್ನದೇ ಬಾಯಿಂದ. "ಅವಸರ ಮಾಡಿಬಿಟ್ವೇನೋ" ಎಂಬಲ್ಲಿಗೆ ಬಂದಾಗ ಮುಂದೆ ಓದಲಾಗಲಿಲ್ಲ.

"ಹೌದಾ?" ಅಂದೆ.

"ಗೊತ್ತಿಲ್ಲ ರೀ. ನೀವು ಹೇಳಿ."

ಆಗ ಹೇಳಿದೆ. ಮೊದಲು ಹೊರಬಂದದ್ದು ಅವಳ ನಗುವಿನ ವಿಷಯ. ಎರಡು ತಿಂಗಳು ಹೊತ್ತ ಭಾರ ಬಾಯಿಬಿಟ್ಟು ಹೇಳುವಾಗ ಒಂದು ವಾಕ್ಯವಾಗಿತ್ತು: "ಅವತ್ತು ನೀನು ಅವನ ಜೊತೆ ನಕ್ಕ ಹಾಗೆ ನನ್ನ ಜೊತೆ ಯಾವತ್ತೂ ನಕ್ಕಿಲ್ಲ." ಅವಳು ಬಹಳ ಹೊತ್ತು ನನ್ನನ್ನೇ ನೋಡಿದಳು. ಆಮೇಲೆ, "ಆರು ವರ್ಷದ ಪರಿಚಯ ಅದು. ನೀವು ಆರು ತಿಂಗಳಾದ್ರೂ ಕೊಟ್ಟಿದ್ರಾ ನನಗೆ?" ಅಂದಳು. ಮಧ್ಯಾಹ್ನದವರೆಗೂ ಮಾತಾಡಿದೆವು. ಅವಳು ಅತ್ತಳು, ಒಮ್ಮೆ ಕೂಗಿದಳು. ಕೂಗಿದ್ದು ಕೇಳಿ ನನಗೆ ಸಮಾಧಾನವಾಯಿತು.

ನಂತರ ಕೆಲವು ತಿಂಗಳು ಇಬ್ಬರೂ ಒಬ್ಬ ಆಪ್ತಸಮಾಲೋಚಕಿಯ ಬಳಿ ಹೋದೆವು. ಜಗಳದ ನಡುವೆ ಕಲ್ಲಿನಂತೆ ಕೂರುವವರ ಎದೆಬಡಿತ ಎಷ್ಟೋ ಸಲ ನಿಮಿಷಕ್ಕೆ 100 ದಾಟಿರುತ್ತದೆ, ಆಗ ಕೇಳಿಸಿಕೊಳ್ಳುವ ಶಕ್ತಿಯೇ ಇರುವುದಿಲ್ಲ ಎಂದು ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ದಂಪತಿಗಳನ್ನು ಪರೀಕ್ಷಿಸಿ ಕಂಡುಕೊಂಡಿದ್ದನ್ನು ಅವರು ವಿವರಿಸಿದರು. ಕನಿಷ್ಠ 20 ನಿಮಿಷ ಬಿಡುವು ತೆಗೆದುಕೊಳ್ಳಿ, ಆದರೆ ಯಾವಾಗ ವಾಪಸ್ ಬರುತ್ತೀರೆಂದು ಹೇಳಿ ಹೋಗಿ ಅಂದರು. ಅಪ್ಪ ಎದ್ದು ಹೋಗುವಾಗ ಒಮ್ಮೆಯೂ ಹೇಳದಿದ್ದದ್ದು ಅದನ್ನೇ. 2011ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗವೂ ಅವರ ಬಾಯಲ್ಲೇ ಕೇಳಿದ್ದು: ಕೆನೆತ್ ಸಾವಿಟ್ಸ್ಕಿ ಮತ್ತು ಸಂಗಡಿಗರು 24 ದಂಪತಿಗಳನ್ನು ಬೆನ್ನಿಗೆ ಬೆನ್ನು ಮಾಡಿ ಕೂರಿಸಿ, ಒಂದಕ್ಕಿಂತ ಹೆಚ್ಚು ಅರ್ಥ ಬರುವ ಮಾತುಗಳನ್ನು ಆಡಿಸಿದರಂತೆ. ಗಂಡ ಹೆಂಡತಿ ಪರಸ್ಪರ ಅರ್ಥಮಾಡಿಕೊಂಡದ್ದು ಅಪರಿಚಿತರಿಗಿಂತ ಹೆಚ್ಚೇನೂ ಅಲ್ಲ, ಆದರೆ ಅರ್ಥವಾಗಿದೆ ಎಂಬ ನಂಬಿಕೆ ಮಾತ್ರ ಹೆಚ್ಚು. ವರ್ಷಗಟ್ಟಲೆ ಜೊತೆಗಿದ್ದವರ ಕಥೆಯೂ ಹೀಗಾಗಬಹುದಾದರೆ 38 ದಿನದ ನಾವು ಯಾವ ಧೈರ್ಯದ ಮೇಲೆ "ಏನಿಲ್ಲ" ಎಂಬುದರ ಒಳಗಿನದನ್ನು ಇನ್ನೊಬ್ಬರು ಊಹಿಸಲಿ ಎಂದು ಕಾದೆವೋ.

ಆ ಭಾನುವಾರವೇ ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಸಂಜೆ ಅವಳು ನನ್ನ ಪಕ್ಕದಲ್ಲೇ ಕೂತು ಫೋನಿನ ಲಾಕ್ ಬದಲಿಸಿದಳು, ನಾನು ನೋಡುತ್ತಿರುವಂತೆಯೇ, ಆದರೆ ಗೆರೆ ಕಾಣದ ಹಾಗೆ ಕೈ ಅಡ್ಡ ಹಿಡಿದು. ಸರಿ ಅಂದೆ. ಆ ಹೊಸ ಗೆರೆ ಇವತ್ತಿಗೂ ನನಗೆ ಗೊತ್ತಿಲ್ಲ. ಗೆಳೆಯನ ಜೊತೆ ಅವಳ ಸ್ನೇಹ ಹಾಗೇ ಇದೆ. ಅವನ ಹೆಸರು ಕೇಳಿದರೆ ನನ್ನೊಳಗೆ ಈಗಲೂ ಏನೋ ಒಂದು ಬಿಗಿಯುತ್ತದೆ, ಅದು ಅವಳಿಗೂ ಗೊತ್ತು, ನಾನೇ ಹೇಳಿದ್ದೇನೆ.

ಹೋದ ವಾರ ರಾತ್ರಿ ಅವಳ ಫೋನ್ ಬೆಳಗಿತು. ಎದೆ ಹೊಡೆದುಕೊಳ್ಳತೊಡಗಿತು. ಗೋಡೆಯ ಕಡೆಗೆ ತಿರುಗಿ ಮಲಗಿದ್ದವನು ಈ ಕಡೆಗೆ ತಿರುಗಿ ಕೇಳಿದೆ.

"ಯಾರದು?"

ಹೇಳಿದಳು.