ಅವನ ಲೆಕ್ಕ, ನನ್ನ ಹೊಟ್ಟೆ

ಮೂರು ಸೀಸನ್ ಹಿಂದಿನ ಮಾತು. ಸೈಕಲ್ ರೇಸ್‌ಗಳಲ್ಲಿ ನನ್ನ ರೂಮ್‌ಮೇಟ್ ಗಂಟೆಗೆ 120 ಗ್ರಾಂ ಕಾರ್ಬೋಹೈಡ್ರೇಟ್ ಹೊಟ್ಟೆಗೆ ಇಳಿಸಿಕೊಂಡು ಐದನೇ ಗಂಟೆಯಲ್ಲೂ ಸ್ಪ್ರಿಂಟ್ ಹೊಡೀತಿದ್ದ. ನಾನೂ ರೇಸ್‌ನಲ್ಲಿ ಅದೇ ಲೆಕ್ಕ ಹಿಡಿದೆ. ಎರಡನೇ ಗಂಟೆಗೆ ಹೊಟ್ಟೆ ಉಬ್ಬಿ ಡೋಲು. ಮೂರನೇ ಗಂಟೆಗೆ ರಸ್ತೆಬದಿಯ ಬೇಲಿ ಹಿಡಿದು ವಾಂತಿ ಮಾಡ್ತಿದ್ದೆ.

ಗ್ಲೂಕೋಸ್ ಒಂದನ್ನೇ ಕುಡಿದರೆ ಕರುಳು ಗಂಟೆಗೆ ಸುಮಾರು 60 ಗ್ರಾಂ ಅಷ್ಟೇ ಒಳಗೆ ಬಿಡೋದು. ಫ್ರಕ್ಟೋಸ್‌ಗೆ ಬೇರೆ ಬಾಗಿಲು. ಎರಡನ್ನೂ ಬೆರೆಸಿದರೆ 90 ದಾಟಬಹುದು, ಅಭ್ಯಾಸ ಇದ್ದರೆ. ಆ ‘ಅಭ್ಯಾಸ ಇದ್ದರೆ’ಯನ್ನೇ ನಾನು ಹಾರಿಸಿಬಿಟ್ಟಿದ್ದೆ! ಆಮೇಲೆ 60ರಿಂದ ಶುರುಮಾಡಿ, ವಾರಕ್ಕೆರಡು ಲಾಂಗ್ ರೈಡ್‌ನಲ್ಲಿ ಐದೈದು ಗ್ರಾಂ ಏರಿಸುತ್ತಾ ಹೋದೆ. 95ಕ್ಕೆ ಹೊಟ್ಟೆ ಸಾಕು ಅಂತು. ನಾನೂ ವಾದಕ್ಕೆ ಇಳಿಯಲಿಲ್ಲ.

ನಮ್ಮಿಬ್ಬರ ಎಫ್‌ಟಿಪಿ, ಅಂದರೆ ಸುಮಾರು ಒಂದು ಗಂಟೆ ಹಿಡಿದಿಡಬಹುದಾದ ಶಕ್ತಿ, ಹೆಚ್ಚುಕಮ್ಮಿ ಒಂದೇ. 20 ನಿಮಿಷದ ಟೆಸ್ಟ್ ಮಾಡಿ, ಸರಾಸರಿ ವಾಟ್‌ನ 95% ಹಿಡಿದರೆ ಬರುವ ಸಂಖ್ಯೆ ಅದು. ಸಂಖ್ಯೆ ಒಂದೇ ಅಂತ ಕೋಚ್ ಇಬ್ಬರಿಗೂ ಒಂದೇ ಇಂಟರ್ವಲ್ (ಜೋರಾಗಿ ತುಳಿದು, ನಡುವೆ ಬಿಡುವು ಕೊಡುವ ಸುತ್ತುಗಳು) ಬರೆದುಕೊಟ್ಟಿದ್ದರು. ಅವನದು ಸ್ಪ್ರಿಂಟರ್ ಕಾಲು: ಸಕ್ಕರೆಯನ್ನು ಸರ್ರನೆ ಸುಡುತ್ತೆ, ಅದಕ್ಕೇ ಅವನಿಗೆ ಅಷ್ಟು ಬೇಕು. ನಾನು ಬೆಟ್ಟ ಹತ್ತುವವನು, ಅದೇ ವೇಗದಲ್ಲಿ ಕೊಬ್ಬಿನ ಪಾಲು ನನ್ನಲ್ಲಿ ಜಾಸ್ತಿ. ಐದು ನಿಮಿಷದ ಐದು ಇಂಟರ್ವಲ್ ಮುಗಿಸಿ ಅವನು ಮಾರನೇ ದಿನವೇ ತಯಾರು, ನನಗೆ ಎರಡು ದಿನ ಬೇಕು. ಇದನ್ನ ಒಪ್ಪಿಕೊಳ್ಳೋಕೆ ಕಾಲಿಗಿಂತ ಮನಸ್ಸಿಗೇ ಕಷ್ಟ ಆಯ್ತು, ನಿಜ ಹೇಳ್ತೀನಿ.

ಬೆವರಿನ ಲೆಕ್ಕಕ್ಕೆ ತೂಕದ ಯಂತ್ರ ಸಾಕು. ಸೆಕೆಯಲ್ಲಿ ಒಂದು ಗಂಟೆ ತುಳಿದು, ಅರ್ಧ ಲೀಟರ್ ಕುಡಿದೂ 900 ಗ್ರಾಂ ಇಳಿದಿದ್ದೆ. ಅಂದರೆ ಬೆವರು 1.4 ಲೀಟರ್. ಜರ್ಸಿ ತುಂಬ ಉಪ್ಪಿನ ನಕ್ಷೆ. ಅವನ ಜರ್ಸಿ ಒಣಗಿದರೂ ಕಪ್ಪಗೇ ಇರುತ್ತೆ. ಈಗ ನನ್ನ ಬಾಟಲಿಗೆ ಅವನದಕ್ಕಿಂತ ಉಪ್ಪು ಹೆಚ್ಚು, ಅವನು ಒಂದು ಗುಟುಕು ಕುಡಿದು ಮುಖ ಹಿಂಡಿದ.

ತೋಳಿಗೆ ಅಂಟಿಸುವ ಗ್ಲೂಕೋಸ್ ಸೆನ್ಸರನ್ನ ತರಬೇತಿಯಲ್ಲಿ ಹಾಕ್ತೀನಿ. ರೇಸ್‌ನಲ್ಲಿ ಅದನ್ನ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಯುಸಿಐ 2021ರಲ್ಲೇ ನಿಷೇಧಿಸಿದೆ. ಹಾಗಾಗಿ ಹ್ಯಾಂಡಲ್ ಹಿಡಿದಿರುವ ಸ್ಟೆಮ್ ಮೇಲೆ ಟೇಪ್, ಟೇಪ್ ಮೇಲೆ ಪೆನ್ನಲ್ಲಿ ಬರೆದ ಕಿಲೋಮೀಟರ್‌ಗಳು: ಇಲ್ಲಿ ಸಕ್ಕರೆ ಜೆಲ್, ಇಲ್ಲಿ ಬಾಟಲಿ. ಹಸಿವಾಗೋವರೆಗೆ ಕಾದರೆ ಕೆಲಸ ಕೆಟ್ಟಿತು.

ನಾಳೆ ಐದು ಗಂಟೆಯ ರೈಡ್. 100 ಗ್ರಾಂ ಇನ್ನೊಮ್ಮೆ ನೋಡೋಣ ಅಂತಿದೀನಿ. ಜೇಬಲ್ಲಿ ಟಿಶ್ಯೂ ಇಟ್ಕೊಂಡಿದೀನಿ.